ನಾವು ನಿಂತಿರುವ ಮಾಳಿಗೆ

ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಿನಲ್ಲಿ ನಾವು ಓದುವುದು ಊರಿನ ಹೆಸರನ್ನು ಮಾತ್ರ. ಅದರ ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಲೆಕ್ಕ ಬರೆದಿರುತ್ತಾರೆ: ಸಮುದ್ರ ಮಟ್ಟದಿಂದ ಆ ಊರು ಎಷ್ಟು ಮೀಟರ್ ಮೇಲಿದೆ ಅಂತ. ಕೊಪ್ಪಳ 500 ಮೀಟರಿನ ಆಸುಪಾಸು, ರಾಯಚೂರು 400ರ ಆಸುಪಾಸು. ಹಂಪಿಯ ವಿರೂಪಾಕ್ಷ ಗುಡಿಯ ದೊಡ್ಡ ಗೋಪುರ ಸುಮಾರು 50 ಮೀಟರ್ ಎತ್ತರ. ಅಂಥ ಹತ್ತು ಗೋಪುರ ಒಂದರ ಮೇಲೊಂದು ಪೇರಿಸಿದರೆ ಎಷ್ಟಾಗುತ್ತದೋ ಅಷ್ಟು ಎತ್ತರದಲ್ಲಿ ಕೊಪ್ಪಳದ ಮಂದಿ ದಿನಾ ಸಂತೆ ಮಾಡುತ್ತಾರೆ, ಹೊಲಕ್ಕೆ ಹೋಗುತ್ತಾರೆ, ಜಾತ್ರೆಗೆ ರೊಟ್ಟಿ ಬಡಿಯುತ್ತಾರೆ. ಅಷ್ಟು ಮೇಲಿದ್ದೇವೆ ಅನ್ನುವುದು ಮಾತ್ರ ಯಾರಿಗೂ ಅನಿಸುವುದಿಲ್ಲ. ಯಾಕೆಂದರೆ ಸುತ್ತಲಿನ ನೆಲವೂ ಅಷ್ಟೇ ಮೇಲಿದೆ.

ಪ್ರಸ್ಥಭೂಮಿ ಅನ್ನುವ ಪದ ಶಾಲೆಯಲ್ಲಿ ಎಲ್ಲರ ಕಿವಿಗೂ ಬಿದ್ದಿದೆ. ಎತ್ತರವಾದ ಸಪಾಟು ನೆಲ, ಮೇಜಿನಂತೆ ಇರುತ್ತದೆ ಎಂದು ಬಾಯಿಪಾಠ ಮಾಡಿ ಅಂಕ ತಗೊಂಡಿದ್ದೇವೆ. ನನಗೆ ಆ ಮೇಜಿನ ಹೋಲಿಕೆ ಯಾವತ್ತೂ ಒಪ್ಪಿಗೆಯಾಗಲಿಲ್ಲ. ನಮ್ಮ ಕಡೆಯ ಹಳೇ ಮನೆಗಳ ಮಣ್ಣಿನ ಮಾಳಿಗೆ ಅದಕ್ಕಿಂತ ಹತ್ತಿರದ ಹೋಲಿಕೆ. ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿ ಮಲಗಿದರೆ ಅದು ಪೂರಾ ಸಪಾಟಾಗಿದೆ ಅನಿಸುತ್ತದೆ. ಮಳೆ ಬಿದ್ದಾಗ ಗೊತ್ತಾಗುತ್ತದೆ, ಕಟ್ಟಿದವರು ಅದಕ್ಕೆ ಒಂದು ಬದಿಗೆ ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಟ್ಟಿದ್ದಾರೆ ಅಂತ. ನೀರೆಲ್ಲ ಆ ಮೂಲೆಗೆ ಸರಿದು ಕೊಳವೆಯಿಂದ ಕೆಳಗೆ ಬೀಳುತ್ತದೆ. ಮಾಳಿಗೆ ಸಪಾಟಾಗಿರುವುದಕ್ಕೆ ಒಂದು ಕಾರಣ, ಮೇಲೆ ನಿಂತಿರುವುದಕ್ಕೆ ಬೇರೆಯೇ ಕಾರಣ. ಮಣ್ಣು ಹಾಕಿ ತಟ್ಟಿ ಸಮ ಮಾಡಿದ್ದರಿಂದ ಅದು ಸಪಾಟು. ಗೋಡೆ ಹೊತ್ತು ನಿಂತಿದ್ದರಿಂದ ಅದು ಎತ್ತರ.

ಏಷ್ಯಾ ಖಂಡದ ಯಾವ ಪ್ರಸ್ಥಭೂಮಿಯನ್ನೇ ತಗೊಳ್ಳಿ, ಇವೇ ಎರಡು ಪ್ರಶ್ನೆ ಕೇಳಬೇಕು. ಇದು ಸಪಾಟಾದದ್ದು ಹೇಗೆ? ಇದು ಮೇಲೆದ್ದದ್ದು ಹೇಗೆ? ಎರಡಕ್ಕೂ ಒಂದೇ ಉತ್ತರ ಸಿಗುವುದು ಅಪರೂಪ. ಎಷ್ಟೋ ಕಡೆ ಎರಡು ಉತ್ತರಗಳ ನಡುವೆ ಕೋಟಿಗಟ್ಟಲೆ ವರ್ಷಗಳ ಅಂತರ ಇದೆ. ಈ ಎರಡನ್ನು ಬೇರೆ ಮಾಡಿ ನೋಡದೇ ಇರುವುದರಿಂದಲೇ ಭೂಗೋಳದ ಈ ಪಾಠ ನಮಗೆ ಸಪ್ಪೆ ಅನಿಸಿದ್ದು ಎಂದು ನನ್ನ ನಂಬಿಕೆ.

ಮೊದಲು ನಮ್ಮದೇ ನೆಲ. ಇದರ ಇಳಿಜಾರನ್ನು ಕಣ್ಣಾರೆ ನೋಡಬೇಕೆಂದರೆ ತುಂಗಭದ್ರಾ ಎಡದಂಡೆ ಕಾಲುವೆಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಜಲಾಶಯ ತುಂಬಿದಾಗ ನೀರಿನ ಮಟ್ಟ 1,633 ಅಡಿ, ಅಂದರೆ ಹತ್ತಿರ ಹತ್ತಿರ 498 ಮೀಟರ್. ಅಲ್ಲಿಂದ ಹೊರಟ ಕಾಲುವೆ ಕೊಪ್ಪಳ, ಗಂಗಾವತಿ, ಸಿಂಧನೂರು, ಮಾನ್ವಿ ಸೀಮೆ ಹಾದು ರಾಯಚೂರಿನತ್ತ 227 ಕಿ.ಮೀ. ಹರಿಯುತ್ತದೆ. ಮೇಲಿನಿಂದ ಕೆಳಗೆ ಹರಿಯುವುದು ನೀರಿನ ಗುಣ. ಆ ಗುಣವನ್ನು ಬಿಟ್ಟರೆ ಅಷ್ಟು ದೂರ ಅದನ್ನು ನೂಕುವುದು ಬೇರೇನೂ ಇಲ್ಲ. ಕೊಪ್ಪಳಕ್ಕೂ ರಾಯಚೂರಿಗೂ ನಡುವೆ ನೆಲ ಕಿಲೋಮೀಟರಿಗೆ ಒಂದು ಮೀಟರ್ ಕೂಡ ಇಳಿಯುವುದಿಲ್ಲ. ಬಸ್ಸಿನಲ್ಲಿ ಕೂತವರಿಗೆ ಅದು ಗೊತ್ತಾಗುವ ಮಾತೇ ಅಲ್ಲ, ಕಾಲುವೆಯ ನೀರಿಗೆ ಮಾತ್ರ ಗೊತ್ತಾಗುತ್ತದೆ. ಕಾಲುವೆಯ ಕೊನೆಯ ಟೇಲ್‌ಎಂಡ್ ರೈತರಿಗೆ ನೀರು ಮುಟ್ಟದಿರುವ ಸಂಕಟಕ್ಕೆ ಮನುಷ್ಯರು ಮಾಡಿದ ಕಾರಣಗಳೇ ಹೆಚ್ಚು. ಆದರೆ ಇಷ್ಟು ನಾಜೂಕಾದ ಇಳಿಜಾರಿನಲ್ಲಿ ಮೇಲಿನವರು ಒಂದು ಮಟ್ಟ ಹೆಚ್ಚು ಎತ್ತಿಕೊಂಡರೂ ಕೆಳಗಿನವರಿಗೆ ಸಾಲುವುದಿಲ್ಲ ಅನ್ನುವುದನ್ನು ನೆಲವೇ ಹೇಳುತ್ತದೆ.

ಇದೇ ಇಳಿಜಾರನ್ನು ದೊಡ್ಡದಾಗಿ ನೋಡಿದರೆ ದಖ್ಖನ್ನಿನ ಚಿತ್ರ ಸಿಗುತ್ತದೆ. ಕೃಷ್ಣೆ ಮಹಾಬಲೇಶ್ವರದ ಹತ್ತಿರ ಹುಟ್ಟುತ್ತಾಳೆ. ಅಲ್ಲಿಂದ ಅರಬ್ಬಿ ಸಮುದ್ರ ಬರೀ 65 ಕಿ.ಮೀ. ದೂರ. ಆದರೂ ಆಕೆ ಆ ಕಡೆ ತಿರುಗದೆ ಸುಮಾರು 1,400 ಕಿ.ಮೀ. ನಡೆದು ಬಂಗಾಳ ಕೊಲ್ಲಿ ಸೇರುತ್ತಾಳೆ. ತುಂಗೆ, ಭದ್ರೆಯರದೂ ಅದೇ ದಾರಿ. ಹುಟ್ಟು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, ಕೂಡುವುದು ಶಿವಮೊಗ್ಗದ ಹತ್ತಿರದ ಕೂಡಲಿಯಲ್ಲಿ, ಆಮೇಲೆ ಮೂಡಣಕ್ಕೆ ಪ್ರಯಾಣ. ನಮ್ಮ ಮಾಳಿಗೆಯ ಪಶ್ಚಿಮದ ಅಂಚು ಎತ್ತರ, ಪೂರ್ವದ ಅಂಚು ತಗ್ಗು.

ಪಶ್ಚಿಮದ ಅಂಚನ್ನು ಎತ್ತಿದ್ದು ಯಾವುದು? ಭಾರತ, ಮಡಗಾಸ್ಕರ್, ಆಫ್ರಿಕಾ ಎಲ್ಲ ಹಿಂದೊಮ್ಮೆ ಗೊಂಡ್ವಾನ ಎಂಬ ಒಂದೇ ಭೂಖಂಡದಲ್ಲಿದ್ದವು. ಸುಮಾರು 9 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಸೀಳಿ ಹೋಯಿತು, ಆಮೇಲೆ ಸೆಷೆಲ್ಸ್ ಕೂಡ ಕಳಚಿಕೊಂಡಿತು. ಖಂಡ ಸೀಳುವ ಜಾಗದಲ್ಲಿ ಕೆಳಗಿನ ಬಿಸಿಗೆ ನೆಲದ ಅಂಚು ಉಬ್ಬಿ ಮೇಲೇಳುತ್ತದೆ. ಆ ಉಬ್ಬಿದ ಅಂಚು ಸವೆಯುತ್ತ ಹಿಂದೆ ಸರಿದು ಉಳಿದದ್ದೇ ಪಶ್ಚಿಮ ಘಟ್ಟದ ಗೋಡೆ ಎಂಬುದು ಈಗ ಹೆಚ್ಚು ಜನ ಒಪ್ಪಿರುವ ವಿವರಣೆ. ಆ ಗೋಡೆಯಿಂದಾಗಿಯೇ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ. ಗೋಡೆಯ ಈಚೆ ಕಡೆ ಬಳ್ಳಾರಿ, ರಾಯಚೂರು, ಕೊಪ್ಪಳದ ಪಾಲಿಗೆ ಬರುವುದು 500–650 ಮಿ.ಮೀ. ನಮ್ಮ ಜೋಳ, ಸಜ್ಜೆ, ನಮ್ಮ ಬರ, ನಮ್ಮ ಬಿಸಿಲು ಎಲ್ಲಕ್ಕೂ ಆ ಹಳೆಯ ಸೀಳಿನ ಸಂಬಂಧ ಇದೆ.

ಎತ್ತರದ ಕಥೆ ಹೀಗಾಯಿತು. ಸಪಾಟಾದ ಕಥೆ ಇದಕ್ಕಿಂತ ಬಹಳ ಹಳೆಯದು. ಅದನ್ನು ನಾನು ಕಲಿತದ್ದು ಪುಸ್ತಕಕ್ಕಿಂತ ಮೊದಲು ನನ್ನ ಸೋದರಮಾವನಿಂದ.

ಮಾಮ ಕಲ್ಲು ಒಡೆಯುವ ಕೆಲಸ ಮಾಡುತ್ತಿದ್ದ. ಒಮ್ಮೆ ಗಂಗಾವತಿಯ ಹತ್ತಿರ ಹಿರೇಬೆಣಕಲ್ಲಿಗೆ ಹೋಗುವಾಗ ಗುಡ್ಡದ ಬುಡದ ಒಂದು ಹಾಸುಬಂಡೆಯ ಮೇಲೆ ಕೂತ. ಕೈಗೆ ಸಿಕ್ಕ ಗುಂಡುಕಲ್ಲಿನಿಂದ ಬಂಡೆಯನ್ನು ಟಕ್ ಟಕ್ ಬಡಿಯುತ್ತ ಹೋದ. ನಾಲ್ಕು ಹೆಜ್ಜೆಯವರೆಗೂ ಗಟ್ಟಿ ಸಪ್ಪಳ. ಐದನೆಯ ಹೆಜ್ಜೆಗೆ ಸದ್ದು ಬದಲಾಯಿತು, ಒಳಗೆ ಖಾಲಿ ಇರುವ ಮಡಕೆ ಬಡಿದ ಹಾಗೆ. "ಕಿವಿಗೊಟ್ಟು ಕೇಳು ಅಳಿಯಾ, ಇಲ್ಲಿ ಬಂಡಿ ಬಿಟ್ಟಾತಿ. ಮ್ಯಾಲಿನ ಪದರ ಕೆಳಗಿಂದಕ್ಕ ಅಂಟಿಲ್ಲ" ಅಂದ. ಹಿಂದಿನವರು ಇಂಥ ಕಡೆ ಕಟ್ಟಿಗೆ ಒಟ್ಟಿ ಬೆಂಕಿ ಹಾಕುತ್ತಿದ್ದರಂತೆ. ಕಾದ ಪದರ ಹಿಗ್ಗಿ ತಾನೇ ಮೇಲೇಳುತ್ತದೆ. ಆಮೇಲೆ ಉಳಿ, ಬೆಣೆ, ಸುತ್ತಿಗೆಯಿಂದ ಬೇಕಾದ ಅಳತೆಗೆ ಸೀಳಿಕೊಳ್ಳುವುದು. "ಕಲ್ಲು ನಾವು ಒಡಿಯಂಗಿಲ್ಲಪಾ, ಅದು ಎಲ್ಲಿ ಒಡೀಬೇಕಂತ ಮೊದಲ ನಿಶ್ಚಯ ಮಾಡಿರ್ತತಿ" ಎಂಬ ಅವನ ಮಾತು ಆಗ ನನಗೆ ಪೂರ್ತಿ ಅರ್ಥವಾಗಿರಲಿಲ್ಲ.

ಬಂಡೆ ಪದರ ಪದರವಾಗಿ ಬಿಡುವುದು ಏಕೆ? ಗ್ರಾನೈಟ್ ಹುಟ್ಟುವುದು ನೆಲದ ಮೇಲಲ್ಲ. ಕರಗಿದ ಕಲ್ಲಿನ ಪಾಕ ಕಿಲೋಮೀಟರುಗಟ್ಟಲೆ ಆಳದಲ್ಲಿ ನಿಧಾನವಾಗಿ ತಣಿದು ಗಟ್ಟಿಯಾದಾಗ ಗ್ರಾನೈಟ್ ಆಗುತ್ತದೆ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಅದೇ ಹೆಸರಿನ ಕ್ಲೋಸ್‌ಪೇಟ್ ಗ್ರಾನೈಟ್ ಪಟ್ಟಿ ಅಲ್ಲಿಂದ ಉತ್ತರಕ್ಕೆ ಹಂಪಿ ಸೀಮೆಯತ್ತ ಸುಮಾರು 400 ಕಿ.ಮೀ. ಚಾಚಿದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಅದು ನುಗ್ಗಿ ಬಂದದ್ದು 300 ಕೋಟಿ ವರ್ಷ ದಾಟಿದ ನೈಸ್ ಎಂಬ ಇನ್ನೂ ಹಳೆಯ ಕಲ್ಲಿನೊಳಗೆ. ಅಂದರೆ ಇವತ್ತು ನಾವು ಕೂತು ಬುತ್ತಿ ಬಿಚ್ಚುವ ಹಾಸುಬಂಡೆಯ ಮೇಲೆ ಒಂದು ಕಾಲಕ್ಕೆ ಕಿಲೋಮೀಟರುಗಟ್ಟಲೆ ದಪ್ಪದ ಕಲ್ಲಿತ್ತು. ಅದಷ್ಟನ್ನೂ ಮಳೆ, ಬಿಸಿಲು, ಗಾಳಿ, ಹಳ್ಳ ಸೇರಿ ಸವೆಸಿ ಸಮುದ್ರಕ್ಕೆ ಸಾಗಿಸಿವೆ. ಮೇಲಿನ ಭಾರ ಕಳೆದ ಹಾಗೆ ಕೆಳಗಿನ ಬಂಡೆ ಉಸಿರು ಬಿಟ್ಟಂತೆ ಹಿಗ್ಗುತ್ತದೆ. ಹಿಗ್ಗಿದಾಗ ನೆಲಕ್ಕೆ ಸಮಾನಾಂತರವಾಗಿ ಸೀಳು ಬೀಳುತ್ತದೆ. ಮಾಮ ಕೇಳಿಸಿಕೊಂಡದ್ದು ಆ ಸೀಳಿನ ಸದ್ದು.

ಹಿರೇಬೆಣಕಲ್ಲಿನ ಮೋರೇರ ಗುಡ್ಡಕ್ಕೆ ಹೋದವರು ಅಲ್ಲಿನ ಕಲ್ಲಿನ ಮನೆಗಳನ್ನು ನೋಡಿರುತ್ತೀರಿ. ಎರಡು ಸಾವಿರ ವರ್ಷಕ್ಕಿಂತ ಹಳೆಯ, ಸುಮಾರು 400 ಬೃಹತ್ ಶಿಲಾ ಸಮಾಧಿಗಳು. ಮೂರು ಕಡೆ ನಿಲ್ಲಿಸಿದ ಚಪ್ಪಡಿ, ಮೇಲೊಂದು ಮುಚ್ಚುಗಲ್ಲು. ಅಷ್ಟು ತೆಳ್ಳಗಿನ, ಅಷ್ಟು ಅಗಲದ ಚಪ್ಪಡಿ ಕಬ್ಬಿಣದ ಆರಂಭಕಾಲದ ಜನಕ್ಕೆ ಹೇಗೆ ಸಿಕ್ಕಿತು ಎಂದು ಬೆರಗಾಗುವವರಿಗೆ ಉತ್ತರ ಪಕ್ಕದ ಬಂಡೆಯಲ್ಲೇ ಇದೆ. ಭಾರ ಇಳಿದು ಪದರ ಬಿಟ್ಟ ಕಲ್ಲನ್ನು ಅವರು ಎಬ್ಬಿಸಿಕೊಂಡರು. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನ ಇರುವ ಸುಮಾರು 41 ಅಡಿ ಉದ್ದದ ಒಂದೇ ಕಲ್ಲನ್ನು ನೋಡಿದಾಗಲೂ ನನಗೆ ಮಾಮನ ಟಕ್ ಟಕ್ ನೆನಪಾಗುತ್ತದೆ. ಅಷ್ಟು ಉದ್ದದ ಕಲ್ಲು ಮುರಿಯದೆ ಬರಬೇಕಾದರೆ ಯಾರೋ ಒಬ್ಬ ಮೊದಲು ಬಂಡೆಗೆ ಕಿವಿ ಇಟ್ಟಿರಲೇಬೇಕು.

ಇನ್ನು ಗುಂಡುಗಳು. ಆನೆಗೊಂದಿಯಲ್ಲಿ, ಅಂಜನಾದ್ರಿಯ ಸುತ್ತ, ಯಾರೋ ರಾಶಿ ಹಾಕಿದಂತೆ ಒಂದರ ಮೇಲೊಂದು ನಿಂತಿರುವ ಗುಂಡುಗಳನ್ನು ಯಾವ ಭೂಕಂಪವೂ ಎಸೆದಿಲ್ಲ. ಅವು ಹುಟ್ಟಿದ್ದು ನಿಂತ ಜಾಗದಲ್ಲೇ. ಗ್ರಾನೈಟಿನಲ್ಲಿ ಅಡ್ಡ ಸೀಳಿನ ಜೊತೆಗೆ ಉದ್ದ ಸೀಳುಗಳೂ ಇರುತ್ತವೆ, ಬಂಡೆ ಇಟ್ಟಿಗೆ ಜೋಡಿಸಿದ ಹಾಗೆ ಭಾಗವಾಗಿರುತ್ತದೆ. ಮಣ್ಣಿನ ಅಡಿಯಲ್ಲಿದ್ದಾಗಲೇ ಮಳೆನೀರು ಆ ಸೀಳುಗಳಲ್ಲಿ ಇಳಿದು ಕಲ್ಲನ್ನು ಕೊಳೆಸುತ್ತದೆ. ಮೂಲೆಗಳಿಗೆ ಮೂರು ಕಡೆಯಿಂದ ನೀರು ತಾಗುವುದರಿಂದ ಅವು ಬೇಗ ಕೊಳೆಯುತ್ತವೆ, ಚೌಕ ಹೋಗಿ ದುಂಡಗಾಗುತ್ತದೆ. ಬೆಲ್ಲದ ಅಚ್ಚು ನೀರಿಗೆ ಬಿದ್ದರೆ ಮೊದಲು ಮೂಲೆ ಕರಗುವುದಿಲ್ಲವೇ, ಹಾಗೆ. ಆಮೇಲೆ ಕೊಳೆತ ಮಣ್ಣನ್ನು ಮಳೆ ತೊಳೆದುಕೊಂಡು ಹೋದಾಗ ಕೊಳೆಯದ ತಿರುಳು ಮಾತ್ರ ಬಯಲಿಗೆ ಬರುತ್ತದೆ. ಕೊಪ್ಪಳದ ಪಾಲ್ಕಿಗುಂಡು ಇಂಥದೇ ಒಂದು. ಪಲ್ಲಕ್ಕಿಯಂತೆ ಮೇಲೆ ಕೂತ ಆ ಬಂಡೆಯ ನೆರಳಿನಲ್ಲೇ ಅಶೋಕನ ಶಾಸನ ಕೆತ್ತಿದ್ದಾರೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಅಕ್ಷರಗಳಿಗೆ ಕೋಟಿಗಟ್ಟಲೆ ವರ್ಷದ ಸವೆತ ಕೊಡೆ ಹಿಡಿದಿದೆ.

ನೆಲ ಎಲ್ಲ ಕಡೆ ಒಂದೇ ಸಮನೆ ಸವೆಯುವುದಿಲ್ಲ. ಗಟ್ಟಿ ಇದ್ದದ್ದು ಉಳಿಯುತ್ತದೆ. ಬಳ್ಳಾರಿಯ ಕೋಟೆ ಗುಡ್ಡ ಹೆಚ್ಚು ಸೀಳಿಲ್ಲದ ಗ್ರಾನೈಟ್ ಆದ್ದರಿಂದ ಬಯಲಿನ ನಡುವೆ ಒಂಟಿಯಾಗಿ ನಿಂತಿದೆ. ಸಂಡೂರಿನ ಬೆಟ್ಟಸಾಲು ಕಬ್ಬಿಣದ ಅಂಶ ತುಂಬಿದ ಪಟ್ಟೆಪಟ್ಟೆಯ ಕಲ್ಲು. ಅದು ಸುತ್ತಲಿನ ನೈಸಿಗಿಂತ ಗಟ್ಟಿ. ಅದಕ್ಕೇ ಅಷ್ಟು ಎತ್ತರ, ಅದಕ್ಕೇ ಅಷ್ಟು ಗಣಿ. ಸಂಗನಕಲ್ಲು–ಕುಪ್ಗಲ್ಲಿನ ಹಿರೇಗುಡ್ಡದ ಮೇಲೆ ಗ್ರಾನೈಟನ್ನು ಸೀಳಿಕೊಂಡು ಬಂದ ಕರಿಕಲ್ಲಿನ ಪಟ್ಟೆ ಇದೆ. ಹೊಸ ಶಿಲಾಯುಗದ ಜನ ಅದನ್ನೇ ಒಡೆದು ಕೊಡಲಿ ಮಾಡಿಕೊಂಡರು. ಅಲ್ಲಿನ ಕೆಲವು ಕಲ್ಲುಗಳನ್ನು ಬಡಿದರೆ ಗಂಟೆಯ ನಾದ ಬರುತ್ತದೆ.

ಇಲ್ಲಿ ಒಂದು ಅನುಮಾನ ಬರಬೇಕು. ಇಷ್ಟು ಕೋಟಿ ವರ್ಷ ಸವೆದರೂ ಈ ನೆಲ ಸಮುದ್ರ ಮಟ್ಟಕ್ಕೆ ಇಳಿದಿಲ್ಲವೇಕೆ? ಆನೆಗೊಂದಿಯ ಕಡವಿನಲ್ಲಿ ಹರಿಗೋಲು ನೋಡಿ. ಮಂದಿ ತುಂಬಿದರೆ ಅಂಚಿನವರೆಗೆ ನೀರಿಗೆ ಕೂರುತ್ತದೆ. ದಡಕ್ಕೆ ಬಂದು ಒಬ್ಬೊಬ್ಬರೇ ಇಳಿದ ಹಾಗೆ ಬೆರಳು ಬೆರಳಷ್ಟು ಮೇಲೇಳುತ್ತದೆ. ಭೂಮಿಯ ತೊಗಟೆಯೂ ತನ್ನ ಕೆಳಗಿನ ಬಿಸಿಯಾದ, ಬಹಳ ನಿಧಾನವಾಗಿ ಹರಿಯಬಲ್ಲ ಪದರದ ಮೇಲೆ ಹೀಗೇ ತೇಲುತ್ತದೆ. ಮೇಲಿನ ಕಲ್ಲು ಸವೆದು ಹೋದರೆ ಭಾರ ಇಳಿದು ನೆಲ ಮೇಲೆ ಬರುತ್ತದೆ. ಎಷ್ಟು ಸವೆಯಿತೋ ಅದರ ಬಹುಪಾಲು ಮತ್ತೆ ಏರಿ ಬರುತ್ತದೆ. ಆದ್ದರಿಂದಲೇ ಆಳದಲ್ಲಿ ಹುಟ್ಟಿದ ಕಲ್ಲು ಇವತ್ತು ನಮ್ಮ ಕಾಲಡಿಗೆ ಬಂದಿದೆ.

ನಮ್ಮಿಂದ ಉತ್ತರಕ್ಕೆ, ವಿಜಯಪುರ, ಕಲಬುರಗಿ, ಬೀದರಿನತ್ತ ಹೋದರೆ ಗುಂಡುಗಳು ಮಾಯವಾಗುತ್ತವೆ. ಗುಡ್ಡಗಳ ತಲೆ ಕತ್ತಿಯಿಂದ ಕೊಯ್ದಂತೆ ಸಮ, ಬದಿಯಲ್ಲಿ ಮೆಟ್ಟಿಲು ಮೆಟ್ಟಿಲು. ಅದು ಲಾವಾ ನೆಲ. 6.6 ಕೋಟಿ ವರ್ಷದ ಹಿಂದೆ ನೆಲ ಬಿರಿದು ಉಕ್ಕಿದ ಕಲ್ಲಿನ ರಸ ಕಾವಲಿಯ ಮೇಲಿನ ದೋಸೆ ಹಿಟ್ಟಿನಂತೆ ಹರಡಿ, ತಣಿದು, ಅದರ ಮೇಲೆ ಮತ್ತೊಂದು ಪದರ ಹರಡಿ, ಹೀಗೆ ಘಟ್ಟದ ಕಡೆ ಸುಮಾರು ಎರಡು ಕಿಲೋಮೀಟರ್ ದಪ್ಪಕ್ಕೆ ಪೇರಿತು. ಇವತ್ತು ಉಳಿದಿರುವುದೇ 5 ಲಕ್ಷ ಚದರ ಕಿ.ಮೀ. ನಮ್ಮ ಕಡೆಯ ನೆಲ ಸವೆದು ಸಪಾಟಾದರೆ ಅವರ ಕಡೆಯದು ಹರಡಿ ಸಪಾಟಾಯಿತು. ನಕ್ಷೆಯಲ್ಲಿ ಎರಡಕ್ಕೂ ದಖ್ಖನ್ ಎಂಬ ಒಂದೇ ಹೆಸರು.

ಕಪ್ಪು ಎರೆ ಮಣ್ಣೆಂದರೆ ಲಾವಾ ಮಣ್ಣು ಎಂದು ಬಹಳ ಜನ ನಂಬಿದ್ದಾರೆ. ರಾಯಚೂರು, ಬಳ್ಳಾರಿಯ ಎರೆ ಹೊಲಗಳ ಕೆಳಗೆ ಬಹುಪಾಲು ಇರುವುದು ಹಳೆಯ ನೈಸ್, ಶಿಸ್ಟ್ ಕಲ್ಲುಗಳೇ. ನೀರು ಹರಿದು ಹೋಗುವ ದಿಬ್ಬದಲ್ಲಿ ಸುಣ್ಣ, ಮೆಗ್ನೀಸಿಯಂ ತೊಳೆದು ಹೋಗಿ ಕಬ್ಬಿಣ ಉಳಿದು ಕೆಂಪು ಮಸಾರಿ ಆಗುತ್ತದೆ. ತೊಳೆದು ಬಂದದ್ದು ತಗ್ಗಿನ ಸಪಾಟಿನಲ್ಲಿ ನಿಂತು, ಕಡಿಮೆ ಮಳೆಯಲ್ಲಿ ಅಲ್ಲೇ ಉಳಿದು, ನೀರು ಕುಡಿದರೆ ಉಬ್ಬುವ, ಒಣಗಿದರೆ ಬಾಯಿ ಬಿಡುವ ಜೇಡಿಯಾಗುತ್ತದೆ. ಒಂದೇ ಊರಿನ ಮೇಲುಹೊಲ ಮಸಾರಿ, ಕೆಳಹೊಲ ಎರೆ ಆಗಿರುವುದು ಇದೇ ಕಾರಣಕ್ಕೆ.

ಲಾವಾ ಹರಡಿ ಆದ ಇನ್ನೊಂದು ದೊಡ್ಡ ಪ್ರಸ್ಥಭೂಮಿ ಏಷ್ಯಾದ ಉತ್ತರ ತುದಿಯಲ್ಲಿದೆ. ಸೈಬೀರಿಯಾದ ಪುಟೊರಾನಾ ಬೆಟ್ಟಗಳ ಮೆಟ್ಟಿಲುಗಳು ನಮ್ಮ ಸಹ್ಯಾದ್ರಿಯ ಮೆಟ್ಟಿಲುಗಳ ಹಾಗೇ ಇವೆ, ಮೇಲೆ ಹಿಮ ಹೊದ್ದಿರುವುದಷ್ಟೇ ವ್ಯತ್ಯಾಸ. ಆ ಲಾವಾ ಉಕ್ಕಿದ್ದು ಸುಮಾರು 25 ಕೋಟಿ ವರ್ಷದ ಹಿಂದೆ. ಭೂಮಿಯ ಮೇಲಿನ ಜೀವಿಗಳಿಗೆ ಬಂದ ಅತಿ ದೊಡ್ಡ ವಿನಾಶಕ್ಕೂ ಆ ಉಕ್ಕಿಗೂ ನಂಟಿದೆ.

ನಮ್ಮ ದಖ್ಖನ್ನಿನ ನಿಜವಾದ ಒಡಹುಟ್ಟು ಅರೇಬಿಯಾ. ದುಡಿಯಲು ಕೊಲ್ಲಿ ದೇಶಗಳಿಗೆ ಹೋಗುವವರು ಇಳಿಯುವುದು ಆ ಮಾಳಿಗೆಯ ತಗ್ಗಿನ ಅಂಚಿನಲ್ಲಿ. ಅಲ್ಲಿಯೂ ಪಶ್ಚಿಮದ ಅಂಚೇ ಎತ್ತರ. ಸುಮಾರು 3 ಕೋಟಿ ವರ್ಷದ ಹಿಂದೆ ಆಫ್ರಿಕಾದಿಂದ ಅರೇಬಿಯಾ ಸೀಳತೊಡಗಿತು, ಸೀಳಿನಲ್ಲಿ ಕೆಂಪು ಸಮುದ್ರ ತುಂಬಿಕೊಂಡಿತು, ಅಂಚು ಮೇಲೆದ್ದಿತು. ಯೆಮೆನ್ನಿನ ಸನಾ ನಗರ 2,200 ಮೀಟರಿಗೂ ಮೇಲಿದೆ. ಅಲ್ಲಿಂದ ನೆಲ ಮೂಡಣಕ್ಕೆ ಇಳಿಯುತ್ತ ಪರ್ಷಿಯನ್ ಕೊಲ್ಲಿ ಸೇರುತ್ತದೆ. ಎತ್ತರದ ಅಂಚಿಗೆ ಮುಂಗಾರಿನ ಹನಿ ತಾಗಿ ಮೆಟ್ಟಿಲು ಹೊಲಗಳಲ್ಲಿ ಬೆಳೆ ಬರುತ್ತದೆ, ಹಿಂದಿನ ಬಯಲು ಮರುಭೂಮಿ. ಘಟ್ಟ, ಮಳೆ ನೆರಳು, ಪೂರ್ವದ ಇಳಿಜಾರು, ಎಲ್ಲ ನಮ್ಮದೇ ನಕ್ಷೆ. ನಮ್ಮ ಸೀಳು 9 ಕೋಟಿ ವರ್ಷ ಹಳೆಯದು, ಅವರದು 3 ಕೋಟಿ. ಹೆಚ್ಚು ಸವೆಯಲು ಇನ್ನೂ ಕಾಲ ಸಿಕ್ಕಿಲ್ಲದ ಕಾರಣ ಅವರ ಗೋಡೆ ನಮ್ಮದಕ್ಕಿಂತ ಎತ್ತರ.

ಟಿಬೆಟ್ಟಿನ ಮಾತು ಬಂದರೆ ಅಳತೆಗೋಲೇ ಬದಲಾಗಬೇಕು. 25 ಲಕ್ಷ ಚದರ ಕಿ.ಮೀ. ನೆಲ, ಸರಾಸರಿ 4,500 ಮೀಟರಿಗೂ ಹೆಚ್ಚು ಎತ್ತರ. ಅಂದರೆ ಇಡೀ ಕರ್ನಾಟಕದಂಥ ಹದಿಮೂರು ರಾಜ್ಯಗಳಷ್ಟು ಜಾಗವನ್ನು ಮುಳ್ಳಯ್ಯನಗಿರಿಯ ಎರಡು ಪಟ್ಟಿಗಿಂತ ಮೇಲಕ್ಕೆ ಎತ್ತಿ ಇಟ್ಟ ಹಾಗೆ. ಗಾಳಿ ಎಷ್ಟು ತೆಳುವೆಂದರೆ ಅಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ನಮ್ಮ ಮನೆಯ ತೊಗರಿಬೇಳೆ ಅಲ್ಲಿ ಕುಕ್ಕರ್ ಇಲ್ಲದೆ ಬೇಯುವುದು ಕಷ್ಟ.

ಇದನ್ನು ಎತ್ತಿದ್ದು ನಾವೇ, ಅಂದರೆ ನಮ್ಮ ನೆಲವೇ. ಗೊಂಡ್ವಾನದಿಂದ ಕಳಚಿದ ಭಾರತ ಉತ್ತರಕ್ಕೆ ಸಾಗಿ ಸುಮಾರು 5 ಕೋಟಿ ವರ್ಷದ ಹಿಂದೆ ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು. ಇವತ್ತಿಗೂ ವರ್ಷಕ್ಕೆ 4–5 ಸೆಂ.ಮೀ. ಲೆಕ್ಕದಲ್ಲಿ ಅದರೊಳಗೆ ನುಗ್ಗುತ್ತಲೇ ಇದೆ. ಖಂಡದ ತೊಗಟೆ ಸಾಮಾನ್ಯವಾಗಿ 35–40 ಕಿ.ಮೀ. ದಪ್ಪ, ಟಿಬೆಟ್ಟಿನ ಕೆಳಗೆ ಅದು ಸುಮಾರು 70 ಕಿ.ಮೀ. ತೇಲುವ ಮರದ ದಿಮ್ಮಿ ದಪ್ಪವಾಗಿದ್ದಷ್ಟೂ ನೀರಿನ ಮೇಲೆ ಹೆಚ್ಚು ಕಾಣುತ್ತದೆ, ನೀರಿನೊಳಗೂ ಹೆಚ್ಚು ಇಳಿದಿರುತ್ತದೆ. ಅದೇ ನಿಯಮ. ಎರಡು ಖಂಡಗಳ ನಡುವೆ ಇದ್ದ ಟೆಥಿಸ್ ಸಮುದ್ರದ ತಳದ ಸುಣ್ಣಕಲ್ಲು, ಅದರೊಳಗಿನ ಕಡಲ ಜೀವಿಗಳ ಪಳೆಯುಳಿಕೆ ಹಿಮಾಲಯದ ತಲೆಯ ಮೇಲೆ ಸಿಗುವುದು ಈ ಡಿಕ್ಕಿಯಿಂದಲೇ.

ಎತ್ತರ ಸರಿ, ಸಪಾಟು ಹೇಗಾಯಿತು? ಡಿಕ್ಕಿಯಾದರೆ ಬೆಟ್ಟ ಕಣಿವೆಗಳ ಸುಕ್ಕು ಬೀಳಬೇಕಲ್ಲ? ಟಿಬೆಟ್ಟಿನ ಉತ್ತರ ಭಾಗದ ಚಾಂಗ್‌ಥಾಂಗ್ ಬಯಲಿನ ನೀರಿಗೆ ಹೊರದಾರಿ ಇಲ್ಲ. ಹೊಳೆಗಳು ಗುಡ್ಡದಿಂದ ತಂದ ಮರಳು, ಮಣ್ಣು ಸಮುದ್ರಕ್ಕೆ ಹೋಗದೆ ಅಲ್ಲಲ್ಲಿನ ತಗ್ಗಿಗೇ ಬೀಳುತ್ತದೆ. ಗುಡ್ಡ ಸವೆದು ತಗ್ಗು ತುಂಬಿದರೆ ಎರಡೂ ಒಂದು ಮಟ್ಟಕ್ಕೆ ಬರುತ್ತವೆ. ಆವಿಯಾಗಿ ಉಳಿದ ಉಪ್ಪಿನಿಂದ ಅಲ್ಲಿನ ಬಹಳಷ್ಟು ಸರೋವರಗಳು ಉಪ್ಪು. ಇದರ ಜೊತೆಗೆ ಅಷ್ಟು ದಪ್ಪದ ತೊಗಟೆಯ ಅಡಿಭಾಗ ಬಿಸಿಯಾಗಿ ಮೆತ್ತಗಾಗಿ ಹರಡಿರುವುದರಿಂದಲೂ ಮೇಲ್ಮೈ ಸಮವಾಗಿದೆ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ.

ಈ ಟಿಬೆಟ್ಟಿಗೂ ರಾಯಚೂರಿನ ಹೊಲಕ್ಕೂ ಸಂಬಂಧ ಇದೆ. ಬೇಸಿಗೆಯಲ್ಲಿ ಆ ಎತ್ತರದ ನೆಲ ಕಾದು, ಮೇಲಿನ ಗಾಳಿಯನ್ನು ಬಿಸಿ ಮಾಡಿ, ಮುಂಗಾರನ್ನು ಎಳೆಯುತ್ತದೆ ಎಂದು ಬಹುಕಾಲ ಕಲಿಸುತ್ತಿದ್ದರು. 2010ರಲ್ಲಿ ಬಂದ ಒಂದು ಅಧ್ಯಯನ, ಟಿಬೆಟ್ಟಿನ ಬಿಸಿಗಿಂತ ಹಿಮಾಲಯದ ಗೋಡೆ ಮುಖ್ಯ ಎಂದಿತು. ಉತ್ತರದ ತಣ್ಣನೆಯ ಒಣ ಗಾಳಿ ಬಂದು ನಮ್ಮ ಬಿಸಿ, ತೇವದ ಗಾಳಿಯೊಂದಿಗೆ ಬೆರೆಯದಂತೆ ಅದು ತಡೆಯುತ್ತದೆ ಎಂಬುದು ಆ ವಾದ. ಚರ್ಚೆ ಮುಗಿದಿಲ್ಲ. ಎರಡರಲ್ಲಿ ಯಾವುದು ಗೆದ್ದರೂ, ರೋಹಿಣಿ ಮಳೆಗಾಗಿ ಮುಗಿಲು ನೋಡುವ ರೈತನ ಪಾಲನ್ನು ನಿರ್ಧರಿಸುವ ನೆಲ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆ ಇದೆ.

ಇರಾನಿನ ಪ್ರಸ್ಥಭೂಮಿಯೂ ಡಿಕ್ಕಿಯ ಮಗುವೇ, ಅರೇಬಿಯಾ ಅದನ್ನು ಒತ್ತಿತು. ಸುತ್ತ ಜಾಗ್ರೋಸ್, ಎಲ್ಬುರ್ಜ್ ಬೆಟ್ಟಗಳು, ನಡುವೆ ಹೊರದಾರಿಯಿಲ್ಲದ ಉಪ್ಪು ಬಯಲುಗಳು. ಮಳೆ ಕಡಿಮೆ, ನದಿ ಕಡಿಮೆ, ಆದರೆ ಬೆಟ್ಟದ ಬುಡದಲ್ಲಿ ಅಂತರ್ಜಲ ಇದೆ. ಅಲ್ಲಿನ ಜನ ಬೆಟ್ಟದ ಬುಡದಿಂದ ಊರಿನವರೆಗೆ ನೆಲದಡಿ ಸಣ್ಣ ಇಳಿಜಾರಿನ ಸುರಂಗ ಕೊರೆದು ನೀರು ತಂದರು. ಅದನ್ನು ಕನಾತ್ ಅಥವಾ ಕರೇಜ್ ಎನ್ನುತ್ತಾರೆ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಇಂಥದೇ ಸುರಂಗ ಬಾವಿ ಇದೆ. ಬೀದರ್ ಕೂತಿರುವುದು ನೀರು ಇಂಗುವ ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ, ಅದರ ಕೆಳಗೆ ನೀರು ಇಳಿಯಗೊಡದ ಲಾವಾ ಕಲ್ಲು. ಒಂದು ಪ್ರಸ್ಥಭೂಮಿಯಲ್ಲಿ ಕಲಿತ ವಿದ್ಯೆ ಇನ್ನೊಂದು ಪ್ರಸ್ಥಭೂಮಿಯ ಕಲ್ಲಿಗೆ ಸರಿಯಾಗಿ ಹೊಂದಿಕೊಂಡ ಆ ಜಾಗವನ್ನು ನೋಡಲೆಂದೇ ಬೀದರಿಗೆ ಹೋಗಬಹುದು.

ತುರ್ಕಿಯ ಅನಾಟೋಲಿಯಾ, ಮಂಗೋಲಿಯಾಗಳ ಬಗ್ಗೆ ಇಷ್ಟು ಸಾಕು: ಮೊದಲನೆಯದರಲ್ಲಿ ಜ್ವಾಲಾಮುಖಿಯ ಬೂದಿ ಗಟ್ಟಿಯಾದ ಮೆತ್ತನೆ ಕಲ್ಲನ್ನು ಕೊರೆದು ಕಪಡೋಕಿಯಾದ ಜನ ಮನೆ ಮಾಡಿಕೊಂಡರು. ಎರಡನೆಯದು ಸಮುದ್ರದಿಂದ ಬಹಳ ದೂರದ, ಚಳಿಗೆ ನೆಲವೇ ಹೆಪ್ಪುಗಟ್ಟುವ ಹುಲ್ಲುಗಾವಲು. ಅದರ ದಕ್ಷಿಣದ ಗೋಬಿ ಮರುಭೂಮಿಯ ಧೂಳು ಮುಂದಿನ ಕಥೆಯ ನಾಯಕ.

ಚೀನಾದ ಲೋಯೆಸ್ ಪ್ರಸ್ಥಭೂಮಿ ಕಲ್ಲಿನದ್ದಲ್ಲ, ಧೂಳಿನದು. ಸುಮಾರು 26 ಲಕ್ಷ ವರ್ಷಗಳಿಂದ ಗೋಬಿ ಕಡೆಯ ಗಾಳಿ ಹಳದಿ ಧೂಳನ್ನು ಹೊತ್ತು ತಂದು ಸುರಿಯುತ್ತಲೇ ಇದೆ. ಎಷ್ಟೋ ಕಡೆ ಅದರ ದಪ್ಪ ನೂರು ಮೀಟರ್ ದಾಟುತ್ತದೆ. ನಮ್ಮೂರಿನ ಕಣದಲ್ಲಿ ರಾಶಿ ತೂರುವಾಗ ಕಾಳು ಕಾಲ ಬಳಿ ಬೀಳುತ್ತದೆ, ಹೊಟ್ಟು ದೂರ ಹೋಗಿ ಬೀಳುತ್ತದೆ. ಗಾಳಿ ಅಲ್ಲಿ ಮಾಡಿದ್ದೂ ಅದನ್ನೇ: ಮರಳನ್ನು ಮರುಭೂಮಿಯಲ್ಲಿ ಬಿಟ್ಟು ನುಣ್ಣನೆಯ ಧೂಳನ್ನು ಮಾತ್ರ ಮುಂದೆ ಒಯ್ದಿತು. ಆ ಮಣ್ಣು ಒಣಗಿದ್ದಾಗ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ, ಅದಕ್ಕೇ ಜನ ಅದರೊಳಗೆ ಗವಿಮನೆ ಕೊರೆದರು. ಒದ್ದೆಯಾದರೆ ಕರಗಿ ಜಾರುತ್ತದೆ. 1556ರ ಶಾನ್‌ಶಿ ಭೂಕಂಪದಲ್ಲಿ ಆ ಗವಿಮನೆಗಳು ಕುಸಿದವು. ಸತ್ತವರು ಸುಮಾರು 8.3 ಲಕ್ಷ ಎಂದು ಚರಿತ್ರೆ ಹೇಳುತ್ತದೆ. ಹಳದಿ ನದಿಗೆ ಆ ಬಣ್ಣ, ಆ ಹೆಸರು ಎರಡೂ ಬಂದದ್ದು ಈ ಮಣ್ಣು ಕೊಚ್ಚಿ ಬಂದದ್ದರಿಂದ. 1994ರಿಂದ ವಿಶ್ವಬ್ಯಾಂಕಿನ ನೆರವಿನೊಂದಿಗೆ ಅಲ್ಲಿ ಮೆಟ್ಟಿಲು ಹೊಲ ಕಟ್ಟಿ, ಇಳಿಜಾರಿನಲ್ಲಿ ದನಕುರಿ ಬಿಡುವುದನ್ನು ನಿಲ್ಲಿಸಿ, ಗಿಡ ಬೆಳೆಸಿದರು. ನಮ್ಮ ಹೊಲದ ಬದುವಿನ ಕೆಲಸವೇ ಅದು, ಅಳತೆ ದೊಡ್ಡದು ಅಷ್ಟೇ.

ಪ್ರಸ್ಥಭೂಮಿಯ ಒಂದು ರೂಪವನ್ನು ಇನ್ನೂ ಹೇಳಿಲ್ಲ: ಗಂಡಿ, ಅಂದರೆ ಹೊಳೆ ಬೆಟ್ಟವನ್ನು ಕೊರೆದು ಮಾಡಿದ ಇಕ್ಕಟ್ಟಿನ ಕಣಿವೆ. ಸಿಂಧೂ, ಸಟ್ಲೆಜ್, ಬ್ರಹ್ಮಪುತ್ರ ಮೂರೂ ಟಿಬೆಟ್ಟಿನ ಕಡೆ ಹುಟ್ಟಿ ಹಿಮಾಲಯವನ್ನು ಸೀಳಿಕೊಂಡು ಈಚೆ ಬರುತ್ತವೆ. ನದಿ ಬೆಟ್ಟ ಹತ್ತಲಾರದು. ಬೆಟ್ಟ ಏಳುವ ಮುಂಚೆಯೇ ನದಿ ಅಲ್ಲಿ ಹರಿಯುತ್ತಿತ್ತು, ಬೆಟ್ಟ ಎದ್ದಷ್ಟೂ ಅದು ಕೊರೆಯುತ್ತ ತನ್ನ ದಾರಿ ಉಳಿಸಿಕೊಂಡಿತು ಎಂಬುದು ಅದಕ್ಕೆ ಕೊಡುವ ವಿವರಣೆ.

ಸಂಡೂರಿನಲ್ಲಿ ನಾರಿಹಳ್ಳವೂ ಹೀಗೇ ಬೆಟ್ಟಸಾಲನ್ನು ಕೊರೆದಿದೆ, ಓಬಳಗಂಡಿಯಲ್ಲಿ ಒಮ್ಮೆ, ಭೀಮಗಂಡಿಯಲ್ಲಿ ಇನ್ನೊಮ್ಮೆ. ಇಲ್ಲಿ ಬೆಟ್ಟ ಎದ್ದದ್ದಲ್ಲ, ಸುತ್ತಲಿನ ನೆಲ ಇಳಿದದ್ದು. ಇಂಥ ಗಂಡಿಗಳಿಗೆ ಭೂವಿಜ್ಞಾನ ಕೊಡುವ ಉತ್ತರ ಇದು: ಕಬ್ಬಿಣದ ಬೆಟ್ಟ ಇನ್ನೂ ಮಣ್ಣು ಕಲ್ಲಿನ ಹೊದಿಕೆಯಲ್ಲಿ ಹೂತಿದ್ದಾಗ ಹಳ್ಳ ಅದರ ಮೇಲಿನ ನೆಲದಲ್ಲಿ ಹರಿಯುತ್ತಿತ್ತು. ನೆಲ ಸವೆದು ಕೆಳಗಿಳಿದಾಗ ಹಳ್ಳವೂ ಇಳಿಯಿತು, ಅಡ್ಡ ಸಿಕ್ಕ ಗಟ್ಟಿಕಲ್ಲನ್ನು ಬಿಡದೆ ಕೊಯ್ದುಕೊಂಡು ಹೋಯಿತು. ಭೀಮಗಂಡಿಯ ಎರಡು ಬದಿಯ ಬಂಡೆಯ ತಲೆ ನೋಡಿ, ಅವೆರಡರ ನಡುವೆ ಒಂದು ಗೆರೆ ಎಳೆದುಕೊಳ್ಳಿ. ಒಂದು ಕಾಲಕ್ಕೆ ನೆಲ ಇದ್ದದ್ದು ಆ ಗೆರೆಗಿಂತಲೂ ಮೇಲೆ. ಮಳೆಗಾಲದಲ್ಲಿ ಹೋದರೆ ಹಳ್ಳ ಕುಂಕುಮ ಕಲಸಿದಂತೆ ಕೆಂಪಗೆ ಹರಿಯುತ್ತಿರುತ್ತದೆ. ಬೊಗಸೆಯಲ್ಲಿ ಹಿಡಿದು ಸ್ವಲ್ಪ ಹೊತ್ತು ಬಿಟ್ಟರೆ ನೀರು ತಿಳಿಯಾಗಿ ಅಂಗೈಯ ಗೆರೆಗಳಲ್ಲಿ ಕೆಂಪು ಮಣ್ಣು ಉಳಿಯುತ್ತದೆ.